ಅಧೀನ ಪ್ರದೇಶವೊಂದರ ಸ್ವಯಂನಿರ್ಣಯದ ಪ್ರಶ್ನೆಯನ್ನು ಪರಿಶೀಲಿಸುವುದು ಹೇಗೆ?

2021ರ ಡಿಸೆಂಬರ್ 12ರಂದು ನ್ಯೂ ಕ್ಯಾಲೆಡೋನಿಯಾದಲ್ಲಿ ನಡೆದ ಜನಮತಗಣನೆಯಲ್ಲಿ, ಕ್ರಮಬದ್ಧ ಮತಗಳ ಪೈಕಿ ಶೇ 96.5ರಷ್ಟು ಮತಗಳು ಫ್ರಾನ್ಸಿನಿಂದ ಸ್ವತಂತ್ರವಾಗುವುದು ಬೇಡ ಎಂಬ ಪರವಾಗಿ ಬಿದ್ದವು. ಇಷ್ಟನ್ನೇ ಓದಿದವರಿಗೆ ಪೆಸಿಫಿಕ್ ಸಾಗರದ ಆ ದ್ವೀಪಗಳ ಪ್ರಶ್ನೆ ಅಲ್ಲಿಗೆ ಮುಗಿಯಿತು ಎಂದೇ ತೋರುತ್ತದೆ. ಆದರೆ ಮೂರು ವರ್ಷ ತುಂಬುವ ಮೊದಲೇ, 2024ರ ಮೇ ತಿಂಗಳಲ್ಲಿ, ರಾಜಧಾನಿ ನೂಮೆಯಾದಲ್ಲಿ ಗಲಭೆ ಎದ್ದಿತು. ಫ್ರಾನ್ಸ್ ತುರ್ತು ಪರಿಸ್ಥಿತಿಯನ್ನು ಘೋಷಿಸಿತು. ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಶೇಕಡಾವಾರು ಲೆಕ್ಕ ಅಷ್ಟು ಸ್ಪಷ್ಟವಾಗಿದ್ದರೂ ಇದು ಹೇಗಾಯಿತು ಎಂಬುದು ಆ ಲೆಕ್ಕದಿಂದ ತಿಳಿಯುವುದಿಲ್ಲ.

ಅಂತರರಾಷ್ಟ್ರೀಯ ಸಂಬಂಧಗಳನ್ನು ಓದುವ ವಿದ್ಯಾರ್ಥಿಗಳು, ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುವವರು, ಕನ್ನಡದಲ್ಲಿ ವಿದೇಶ ವಾರ್ತೆಗಳನ್ನು ಬರೆಯುವವರು, ಬೇರೊಂದು ರಾಷ್ಟ್ರದ ಅಧೀನದಲ್ಲಿರುವ ಇಂತಹ ಪ್ರದೇಶಗಳ ಸ್ವಯಂನಿರ್ಣಯದ, ಅಂದರೆ ಅಲ್ಲಿನ ಜನ ತಮ್ಮ ರಾಜಕೀಯ ಭವಿಷ್ಯವನ್ನು ತಾವೇ ನಿರ್ಧರಿಸುವ, ಸುದ್ದಿಯನ್ನು ಯಾವ ಕ್ರಮದಲ್ಲಿ ಪರಿಶೀಲಿಸಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಈ ಕ್ರಮದಲ್ಲಿ ಮತಗಳ ಶೇಕಡಾವಾರು ಲೆಕ್ಕಕ್ಕೆ ನಾನು ಉದ್ದೇಶಪೂರ್ವಕವಾಗಿಯೇ ಕೊನೆಯ ಸ್ಥಾನ ಕೊಟ್ಟಿದ್ದೇನೆ. ಯಾರನ್ನು ಕೇಳಲಾಯಿತು, ಏನನ್ನು ಕೇಳಲಾಯಿತು, ಸಿಕ್ಕ ಉತ್ತರವನ್ನು ಮುಂದೆ ಬದಲಿಸುವ ಅಧಿಕಾರ ಯಾರ ಕೈಯಲ್ಲಿ ಉಳಿಯಿತು ಎಂಬುದನ್ನು ತಿಳಿಯದೆ ಆ ಅಂಕಿಗೆ ಅರ್ಥ ಹಚ್ಚುವುದು ಅಲ್ಲಿನ ಜನರಿಗೆ ಅನ್ಯಾಯ ಮಾಡಿದಂತೆ ಎಂಬುದು ನನ್ನ ದೃಢವಾದ ನಂಬಿಕೆ.

ಮೊದಲು ಪಟ್ಟಿಯನ್ನು ನೋಡಿ, ಆಮೇಲೆ ಪಟ್ಟಿಯ ಚರಿತ್ರೆಯನ್ನು ನೋಡಿ

ವಿಶ್ವಸಂಸ್ಥೆಯ ಸನ್ನದಿನ 73ನೇ ವಿಧಿಯ ಪ್ರಕಾರ, ಸ್ವಯಮಾಡಳಿತ ಪಡೆಯದ ಪ್ರದೇಶಗಳನ್ನು ಆಳುವ ರಾಷ್ಟ್ರಗಳು ಅಲ್ಲಿನ ನಿವಾಸಿಗಳ ಹಿತವೇ ಮುಖ್ಯವೆಂದು ಒಪ್ಪಿಕೊಂಡು, ಆ ಪ್ರದೇಶಗಳ ಬಗ್ಗೆ ನಿಯತವಾಗಿ ಮಾಹಿತಿ ಸಲ್ಲಿಸಬೇಕು. 1946ರಲ್ಲಿ ಎಂಟು ರಾಷ್ಟ್ರಗಳು ಇಂತಹ ಎಪ್ಪತ್ತಕ್ಕೂ ಹೆಚ್ಚು ಪ್ರದೇಶಗಳನ್ನು ತಾವಾಗಿಯೇ ಹೆಸರಿಸಿದವು. ಇಂದು ಆ ಪಟ್ಟಿಯಲ್ಲಿ ಉಳಿದಿರುವುದು 17. ಅವುಗಳಲ್ಲಿ ಹತ್ತನ್ನು ಬ್ರಿಟನ್ ಆಳುತ್ತಿದೆ: ಅಂಗ್ವಿಲಾ, ಬರ್ಮುಡಾ, ಬ್ರಿಟಿಷ್ ವರ್ಜಿನ್ ದ್ವೀಪಗಳು, ಕೇಮನ್, ಫಾಕ್‌ಲ್ಯಾಂಡ್, ಮಾಂಟ್ಸೆರಾಟ್, ಸೇಂಟ್ ಹೆಲೆನಾ, ಟರ್ಕ್ಸ್ ಮತ್ತು ಕೈಕೋಸ್, ಜಿಬ್ರಾಲ್ಟರ್, ಪಿಟ್‌ಕೇರ್ನ್. ಗುವಾಮ್, ಅಮೆರಿಕನ್ ಸಮೋವಾ ಮತ್ತು ಅಮೆರಿಕದ ವರ್ಜಿನ್ ದ್ವೀಪಗಳು ಅಮೆರಿಕದ ಕೈಯಲ್ಲಿವೆ. ನ್ಯೂ ಕ್ಯಾಲೆಡೋನಿಯಾ ಮತ್ತು ಫ್ರೆಂಚ್ ಪಾಲಿನೇಷ್ಯಾ ಫ್ರಾನ್ಸಿನ ಕೈಯಲ್ಲಿವೆ, ಟೊಕೆಲಾವ್ ನ್ಯೂಜಿಲೆಂಡಿನ ಕೈಯಲ್ಲಿದೆ. ಹದಿನೇಳನೆಯದಾದ ಪಶ್ಚಿಮ ಸಹಾರಾದ ಮುಂದೆ ಆಡಳಿತ ನಡೆಸುವ ರಾಷ್ಟ್ರದ ಹೆಸರೇ ಇಲ್ಲ; 1976ರಲ್ಲಿ ಸ್ಪೇನ್ ಅಲ್ಲಿಂದ ಹೊರಟುಹೋಯಿತು, ಮೊರೊಕ್ಕೊದ ಹಿಡಿತವನ್ನು ವಿಶ್ವಸಂಸ್ಥೆ ಆ ಅರ್ಥದಲ್ಲಿ ಮಾನ್ಯ ಮಾಡಲಿಲ್ಲ.

ನೀವು ಪರಿಶೀಲಿಸುತ್ತಿರುವ ಪ್ರದೇಶ ಈ ಪಟ್ಟಿಯಲ್ಲಿದ್ದರೆ, ಅದು ಯಾವ ವರ್ಷ ಸೇರಿತು ಎಂಬುದನ್ನು ಬರೆದುಕೊಳ್ಳಿ. ಇಲ್ಲದಿದ್ದರೆ ಎಂದಾದರೂ ಇತ್ತೇ, ಯಾಕೆ ಬಿಟ್ಟುಹೋಯಿತು ಎಂದು ಹುಡುಕಿ. ಫ್ರೆಂಚ್ ಪಾಲಿನೇಷ್ಯಾ ಮತ್ತು ನ್ಯೂ ಕ್ಯಾಲೆಡೋನಿಯಾಗಳ ಬಗ್ಗೆ ಮಾಹಿತಿ ಕಳುಹಿಸುವುದನ್ನು ಫ್ರಾನ್ಸ್ 1947ರಲ್ಲಿ ನಿಲ್ಲಿಸಿತು. ನ್ಯೂ ಕ್ಯಾಲೆಡೋನಿಯಾವನ್ನು ವಿಶ್ವಸಂಸ್ಥೆಯ ಮಹಾಸಭೆ 1986ರಲ್ಲಿ ಮರಳಿ ಪಟ್ಟಿಗೆ ಸೇರಿಸಿತು, ಫ್ರೆಂಚ್ ಪಾಲಿನೇಷ್ಯಾ ಸೇರಲು 2013ರ ಮೇ 17ರವರೆಗೆ ಕಾಯಬೇಕಾಯಿತು. ಪೋರ್ಟೊ ರಿಕೊ 1953ರಲ್ಲಿ ಪಟ್ಟಿಯಿಂದ ಹೊರಬಿತ್ತು, ಆದರೂ ಅದರ ಚರ್ಚೆ ಇಂದಿಗೂ ನಿಂತಿಲ್ಲ. ಹಾಂಗ್‌ಕಾಂಗ್ ಮತ್ತು ಮಕಾವ್ 1972ರಲ್ಲಿ ಚೀನಾದ ಕೋರಿಕೆಯ ಮೇಲೆ ಹೊರಬಿದ್ದವು. ಅಲ್ಲಿನ ಜನರನ್ನು ಯಾರೂ ಕೇಳಲಿಲ್ಲ.

ಆಳುವ ರಾಷ್ಟ್ರವೊಂದು ಪ್ರದೇಶದ ಹೆಸರನ್ನು ಬದಲಿಸಿ ಹೊಣೆಯಿಂದ ನುಣುಚಿಕೊಳ್ಳಲು ಯತ್ನಿಸುವ ಬಗೆಯನ್ನು ತಿಳಿಯಲು ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಗೋವಾ, ಕಾರವಾರದ ಸಮೀಪದ ಅಂಜದೀವ ದ್ವೀಪ, ದಮನ್, ದಿಯು ಇವೆಲ್ಲ ವಸಾಹತುಗಳೇ ಅಲ್ಲ, ತನ್ನ ಸಾಗರೋತ್ತರ ಪ್ರಾಂತ್ಯಗಳು ಎಂದು ಪೋರ್ಚುಗಲ್ 1951ರಲ್ಲಿ ಸಂವಿಧಾನ ತಿದ್ದಿ ವಾದಿಸಿತು. 1960ರ ಡಿಸೆಂಬರ್ 15ರ 1542ನೇ ನಿರ್ಣಯದಲ್ಲಿ ಮಹಾಸಭೆ ಆ ವಾದವನ್ನು ತಳ್ಳಿಹಾಕಿ, ಅಂಗೋಲಾ ಮತ್ತು ಮೊಜಾಂಬಿಕ್‌ಗಳ ಜೊತೆಗೆ ಗೋವಾವನ್ನೂ ಅದರ ಅಧೀನ ಭಾಗಗಳನ್ನೂ ಪಟ್ಟಿಗೆ ಸೇರಿಸಿತು. ಅದೇ ದಿನ ಅಂಗೀಕಾರವಾದ 1541ನೇ ನಿರ್ಣಯ, ಆಳುವ ದೇಶದಿಂದ ಭೌಗೋಳಿಕವಾಗಿ ಬೇರೆಯಾಗಿದ್ದು ಜನಾಂಗೀಯವಾಗಿ ಅಥವಾ ಸಾಂಸ್ಕೃತಿಕವಾಗಿ ಭಿನ್ನವಾಗಿರುವ ಪ್ರದೇಶದ ಬಗ್ಗೆ ಮಾಹಿತಿ ನೀಡುವ ಬಾಧ್ಯತೆ ಮೇಲ್ನೋಟಕ್ಕೇ ಇದೆ ಎಂದು ಹೇಳಿತು.

ಪಟ್ಟಿಯಲ್ಲಿಲ್ಲದ ಪ್ರಶ್ನೆಗೆ ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಸಮೂಹ ಒಳ್ಳೆಯ ಉದಾಹರಣೆ. ಮಾರಿಷಸ್ ಸ್ವತಂತ್ರವಾಗುವ ಮೊದಲೇ, 1965ರಲ್ಲಿ, ಬ್ರಿಟನ್ ಇದನ್ನು ಅದರಿಂದ ಬೇರ್ಪಡಿಸಿತು. ಡಿಯೇಗೊ ಗಾರ್ಸಿಯಾದಲ್ಲಿ ಅಮೆರಿಕದ ಸೇನಾ ನೆಲೆಗೆ ಜಾಗ ಮಾಡಿಕೊಡಲು 1968ರಿಂದ 1973ರ ನಡುವೆ ಅಲ್ಲಿನ ಜನರನ್ನೆಲ್ಲ ಹೊರಹಾಕಲಾಯಿತು. ಆ ಬೇರ್ಪಡಿಕೆ ಜನರ ಸ್ವತಂತ್ರ ಇಚ್ಛೆಯನ್ನು ಆಧರಿಸಿರಲಿಲ್ಲ, ಆದ್ದರಿಂದ ಮಾರಿಷಸ್‌ನ ವಸಾಹತುಮುಕ್ತಿ ಕಾನೂನುಬದ್ಧವಾಗಿ ಪೂರ್ಣಗೊಂಡಿಲ್ಲ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2019ರ ಫೆಬ್ರುವರಿ 25ರಂದು ಸಲಹಾ ಅಭಿಪ್ರಾಯ ನೀಡಿತು. ಅದೇ ವರ್ಷದ ಮೇ 22ರಂದು ಮಹಾಸಭೆ 116–6 ಮತಗಳಿಂದ ಅದನ್ನು ಎತ್ತಿಹಿಡಿಯಿತು. ಭಾರತ ಪರವಾಗಿ ಮತ ಹಾಕಿತು. ಸಾರ್ವಭೌಮತ್ವವನ್ನು ಮಾರಿಷಸ್‌ಗೆ ಬಿಟ್ಟುಕೊಟ್ಟು ಡಿಯೇಗೊ ಗಾರ್ಸಿಯಾವನ್ನು 99 ವರ್ಷ ಗುತ್ತಿಗೆಗೆ ಪಡೆಯುವ ಒಪ್ಪಂದಕ್ಕೆ ಬ್ರಿಟನ್ 2025ರ ಮೇ 22ರಂದು ಸಹಿ ಹಾಕಿದಾಗ, ತಮ್ಮನ್ನು ಕೇಳದೆಯೇ ಎರಡು ಸರ್ಕಾರಗಳು ತಮ್ಮ ಊರಿನ ಭವಿಷ್ಯ ತೀರ್ಮಾನಿಸಿದವು ಎಂದು ಚಾಗೋಸ್ ಜನರಲ್ಲಿ ಹಲವರು ಆಕ್ಷೇಪಿಸಿದರು. ಮಾರಿಷಸ್‌ಗೆ ನ್ಯಾಯ ಸಿಕ್ಕಿತು ಎಂದಷ್ಟೇ ಬರೆದು ನಿಲ್ಲಿಸುವ ಲೇಖನ ಅಪೂರ್ಣ. ಹೊರಹಾಕಲ್ಪಟ್ಟವರ ಮಾತೂ ಅದರಲ್ಲಿ ಇರಬೇಕು.

ಆಡಳಿತದ ಕೀಲಿ ಯಾರ ಬಳಿ ಇದೆ?

ಪಟ್ಟಿಯಲ್ಲಿರುವ ಪ್ರತಿಯೊಂದು ಪ್ರದೇಶದ ಬಗ್ಗೆಯೂ ವಿಶ್ವಸಂಸ್ಥೆಯ ಸಚಿವಾಲಯ ಪ್ರತಿ ವರ್ಷ ಒಂದು ಕಾರ್ಯಪತ್ರ ಹೊರತರುತ್ತದೆ. ಅದು ಯಾರಿಗಾದರೂ ಉಚಿತವಾಗಿ ಸಿಗುತ್ತದೆ, ಬಹಳ ಉದ್ದವೂ ಇರುವುದಿಲ್ಲ. ಅದರಲ್ಲಿ ಪ್ರವಾಸೋದ್ಯಮ, ಬ್ಯಾಂಕಿಂಗ್, ಶಿಕ್ಷಣದ ಭಾಗಗಳನ್ನು ಆಮೇಲೆ ಓದಬಹುದು. ಮೊದಲು ಸಾಂವಿಧಾನಿಕ ವ್ಯವಸ್ಥೆಯ ಭಾಗವನ್ನು ತೆರೆದು ಕೆಲವು ಪ್ರಶ್ನೆಗಳಿಗೆ ಉತ್ತರ ಗುರುತಿಸಿಕೊಳ್ಳಿ. ರಾಜ್ಯಪಾಲರನ್ನು ನೇಮಿಸುವವರು ಯಾರು? ಸ್ಥಳೀಯ ಶಾಸನಸಭೆ ಮಾಡಿದ ಕಾನೂನನ್ನು ಹೊರಗಿನವರು ರದ್ದು ಮಾಡಬಹುದೇ? ರಕ್ಷಣೆ, ವಿದೇಶಾಂಗ, ಪೊಲೀಸ್ ಅಧಿಕಾರಗಳು ಎಲ್ಲಿವೆ? ಕಟ್ಟಕಡೆಯ ಮೇಲ್ಮನವಿ ಯಾವ ಊರಿನ ನ್ಯಾಯಾಲಯಕ್ಕೆ ಹೋಗುತ್ತದೆ? ಎಲ್ಲಕ್ಕಿಂತ ಮುಖ್ಯವಾಗಿ, ಆ ಸಂವಿಧಾನವನ್ನೇ ಅಮಾನತಿನಲ್ಲಿಡುವ ಅಧಿಕಾರ ಯಾರದು?

ಕೊನೆಯ ಪ್ರಶ್ನೆ ಬರಿಯ ಕಾಗದದ ಮೇಲಿನ ಪ್ರಶ್ನೆಯಲ್ಲ. ಭ್ರಷ್ಟಾಚಾರದ ಗಂಭೀರ ಆರೋಪಗಳ ವಿಚಾರಣೆಯ ಬಳಿಕ ಬ್ರಿಟನ್ 2009ರ ಆಗಸ್ಟ್‌ನಲ್ಲಿ ಟರ್ಕ್ಸ್ ಮತ್ತು ಕೈಕೋಸ್ ದ್ವೀಪಗಳ ಸಚಿವ ಸಂಪುಟವನ್ನೂ ಶಾಸನಸಭೆಯನ್ನೂ ಅಮಾನತಿನಲ್ಲಿಟ್ಟು, 2012ರ ಚುನಾವಣೆಯವರೆಗೆ ರಾಜ್ಯಪಾಲರ ಮೂಲಕ ನೇರ ಆಡಳಿತ ನಡೆಸಿತು. ಆರೋಪಗಳು ಹುಸಿಯಾಗಿದ್ದವು ಎಂದು ಇಲ್ಲಿ ಹೇಳುತ್ತಿಲ್ಲ. ಚುನಾಯಿತ ಸರ್ಕಾರವನ್ನು ಲಂಡನ್ನಿನ ಒಂದು ಆದೇಶ ಬದಿಗಿಡಬಲ್ಲದು ಎಂಬ ಸಂಗತಿಯೇ ಆ ಪ್ರದೇಶದ ನಿಜವಾದ ಸ್ಥಾನಮಾನವನ್ನು ತಿಳಿಸುತ್ತದೆ. ಗುವಾಮ್ ಜನರು ಅಮೆರಿಕದ ಪೌರರು, ಅವರ ಮಕ್ಕಳು ಅಮೆರಿಕದ ಸೇನೆಯಲ್ಲಿ ದುಡಿಯುತ್ತಾರೆ. ಆದರೆ ಆ ದ್ವೀಪದಲ್ಲಿ ವಾಸಿಸುವವರೆಗೆ ಅವರು ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ, ಕಾಂಗ್ರೆಸ್ಸಿನಲ್ಲಿರುವ ಅವರ ಪ್ರತಿನಿಧಿ ಮಸೂದೆಗಳ ಅಂತಿಮ ಮತದಾನದಲ್ಲಿ ಭಾಗವಹಿಸುವಂತಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಕ್ಕು ಕಡಿಮೆಯಿರುವ ಕಡೆ ಜನರಿಗೆ ಏನು ಬೇಕು ಎಂಬುದನ್ನು ನಾವೇ ಊಹಿಸಿಕೊಳ್ಳಬಾರದು. ಅಮೆರಿಕನ್ ಸಮೋವಾದಲ್ಲಿ ಹುಟ್ಟಿದವರು ಅಮೆರಿಕದ ರಾಷ್ಟ್ರೀಯರು (nationals) ಎನಿಸಿದರೂ ಹುಟ್ಟಿನಿಂದ ಪೌರತ್ವ ಪಡೆಯುವುದಿಲ್ಲ. ಕೆಲವರು ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದಾಗ ಅದನ್ನು ವಿರೋಧಿಸಿದವರಲ್ಲಿ ಅಮೆರಿಕನ್ ಸಮೋವಾದ ಸರ್ಕಾರವೂ ಒಂದು. ಪೌರತ್ವದ ಜೊತೆಗೆ ಅಮೆರಿಕದ ಸಂವಿಧಾನದ ನಿಯಮಗಳೆಲ್ಲ ಅನ್ವಯವಾದರೆ, ಕುಟುಂಬಗಳು ಸಾಮೂಹಿಕವಾಗಿ ಹೊಂದಿರುವ ಭೂಮಿಯ ಪದ್ಧತಿ ಉಳಿಯದು ಎಂಬುದು ಅದರ ಆತಂಕ. ಮೇಲ್ಮನವಿ ನ್ಯಾಯಾಲಯ 2021ರಲ್ಲಿ ಅರ್ಜಿದಾರರ ವಿರುದ್ಧ ತೀರ್ಪು ನೀಡಿತು, ಸುಪ್ರೀಂ ಕೋರ್ಟ್ 2022ರಲ್ಲಿ ಪ್ರಕರಣವನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ.

ಮುಂದಿರುವ ದಾರಿಗಳನ್ನು ಪ್ರತ್ಯೇಕಿಸಿ

1960ರ ಡಿಸೆಂಬರ್ 14ರಂದು 89 ರಾಷ್ಟ್ರಗಳ ಬೆಂಬಲದಿಂದ, ಒಂದೂ ವಿರೋಧ ಮತವಿಲ್ಲದೆ, ಒಂಬತ್ತು ರಾಷ್ಟ್ರಗಳು ತಟಸ್ಥವಾಗಿರಲು ಅಂಗೀಕಾರವಾದ 1514ನೇ ನಿರ್ಣಯವೇ ವಸಾಹತುಮುಕ್ತಿಯ ಮೂಲ ಘೋಷಣೆ. ಅದರ ಮರುದಿನದ 1541ನೇ ನಿರ್ಣಯ ಪೂರ್ಣ ಸ್ವಯಮಾಡಳಿತಕ್ಕೆ ಮೂರು ದಾರಿಗಳನ್ನು ತೋರಿಸಿತು: ಸ್ವತಂತ್ರ ರಾಷ್ಟ್ರವಾಗುವುದು, ಬೇರೊಂದು ಸ್ವತಂತ್ರ ರಾಷ್ಟ್ರದೊಡನೆ ಮುಕ್ತ ಸಹಯೋಗ (ತನ್ನ ಆಡಳಿತವನ್ನು ತಾನೇ ನಡೆಸುತ್ತಾ ಸ್ವಇಚ್ಛೆಯಿಂದ ಜೊತೆಗಿರುವುದು) ಹೊಂದುವುದು, ಅಥವಾ ಅಂತಹ ರಾಷ್ಟ್ರದಲ್ಲಿ ಸಮಾನ ಹಕ್ಕುಗಳೊಂದಿಗೆ ವಿಲೀನವಾಗುವುದು. 1970ರ 2625ನೇ ನಿರ್ಣಯ, ಜನ ಮುಕ್ತವಾಗಿ ಆರಿಸಿಕೊಂಡ ಬೇರಾವುದೇ ರಾಜಕೀಯ ಸ್ಥಾನಮಾನವೂ ಆಗಬಹುದು ಎಂದು ಸೇರಿಸಿತು. ಸ್ವಾತಂತ್ರ್ಯ ಬೇಡವೆಂದರೆ ಈಗಿನ ಅಧೀನ ಸ್ಥಿತಿಯೇ ಬೇಕೆಂದಂತೆ ಎಂಬ ತಿಳಿವಳಿಕೆ ಆದ್ದರಿಂದ ತಪ್ಪು.

ಮುಕ್ತ ಸಹಯೋಗವನ್ನು ಪರೀಕ್ಷಿಸಲು ಒಂದೇ ಪ್ರಶ್ನೆ ಸಾಕು: ಆ ವ್ಯವಸ್ಥೆಯನ್ನು ಬದಲಿಸುವ ಸ್ವಾತಂತ್ರ್ಯ ಚಿಕ್ಕ ಪ್ರದೇಶದ ಜನರಿಗೆ ಉಳಿದಿದೆಯೇ? 1965ರಿಂದ ಕುಕ್ ದ್ವೀಪಗಳು, 1974ರಿಂದ ನಿಯುವೆ ನ್ಯೂಜಿಲೆಂಡಿನೊಡನೆ ಇಂತಹ ಸಂಬಂಧ ಹೊಂದಿವೆ.

ಟೊಕೆಲಾವ್ ಜನರೂ ಇದೇ ದಾರಿಯನ್ನು ಎರಡು ಬಾರಿ ಪರಿಶೀಲಿಸಿದರು. ಅಟಾಫು, ನುಕುನೋನು, ಫಕಾವೊಫೊ ಎಂಬ ಮೂರು ಹವಳದ ದ್ವೀಪಗಳಲ್ಲಿ ಸುಮಾರು 1,500 ಜನ ವಾಸಿಸುವ ಈ ಪ್ರದೇಶಕ್ಕೆ ವಿಮಾನ ನಿಲ್ದಾಣವಿಲ್ಲ. ಸಮೋವಾದ ಏಪಿಯಾದಿಂದ ಹಡಗಿನಲ್ಲಿ ಹೋಗಬೇಕು. ಸಹಯೋಗಕ್ಕೆ ಮೂರನೇ ಎರಡರಷ್ಟು ಬಹುಮತ ಬೇಕೆಂದು ನಿಗದಿಯಾಗಿತ್ತು. 2006ರ ಫೆಬ್ರುವರಿಯಲ್ಲಿ ಶೇ 60ರಷ್ಟು ಮತ ಬಂತು. 2007ರ ಅಕ್ಟೋಬರ್‌ನಲ್ಲಿ 692 ಮತಗಳಲ್ಲಿ 446 ಪರವಾಗಿ ಬಂದವು. ಇನ್ನು 16 ಮತ ಬಂದಿದ್ದರೆ ಗುರಿ ಮುಟ್ಟುತ್ತಿತ್ತು. ನ್ಯೂಜಿಲೆಂಡ್ ಬದಲಾವಣೆಗೆ ಅಡ್ಡಿ ಮಾಡಲಿಲ್ಲ, ವಿಶ್ವಸಂಸ್ಥೆಯ ವೀಕ್ಷಕರು ಹಾಜರಿದ್ದರು, ಯಾರೂ ಬಹಿಷ್ಕರಿಸಲಿಲ್ಲ. ಹೀಗಾಗಿ ಟೊಕೆಲಾವ್ ಇಂದಿಗೂ ಪಟ್ಟಿಯಲ್ಲಿದ್ದರೂ ಅದರ ಉತ್ತರವನ್ನು ನಾವು ಗೌರವದಿಂದ ಒಪ್ಪಿಕೊಳ್ಳಬಹುದು. ಪಟ್ಟಿ ಚಿಕ್ಕದಾಗಬೇಕೆಂಬ ಆತುರ ನ್ಯೂಯಾರ್ಕಿನ ವಿಶ್ವಸಂಸ್ಥೆಯವರಿಗೆ ಇರಬಹುದು. ದ್ವೀಪದವರು ತಮ್ಮ ಸಮಯವನ್ನು ತಾವೇ ನಿರ್ಧರಿಸಬೇಕು.

ಮತದಾರರ ಪಟ್ಟಿ: ಹೆಚ್ಚಿನ ಸಮಯವನ್ನು ಇಲ್ಲಿಗೆ ಮೀಸಲಿಡಿ

ಸ್ವಯಂನಿರ್ಣಯದ ಹಕ್ಕು ಒಂದು ಜನತೆಗೆ ಸೇರಿದ್ದು. ಆ ಜನತೆಯಲ್ಲಿ ಯಾರೆಲ್ಲ ಸೇರಿದ್ದಾರೆ ಎಂಬುದನ್ನು ನಿರ್ಧರಿಸುವುದು ಮತದಾರರ ಪಟ್ಟಿ. ನನ್ನ ಅನುಭವದಲ್ಲಿ ಹೆಚ್ಚಿನ ವರದಿಗಳು ಬಿಟ್ಟುಬಿಡುವ ಭಾಗವೂ ಇದೇ.

ನ್ಯೂ ಕ್ಯಾಲೆಡೋನಿಯಾವನ್ನೇ ವಿವರವಾಗಿ ನೋಡಿ. ಫ್ರಾನ್ಸ್ 1853ರಲ್ಲಿ ಅದನ್ನು ವಶಪಡಿಸಿಕೊಂಡು 1864ರಿಂದ ಕೈದಿಗಳನ್ನು ಅಲ್ಲಿಗೆ ಸಾಗಿಸಿತು. ಮೂಲನಿವಾಸಿಗಳಾದ ಕಾನಾಕರು ತಮ್ಮ ಭೂಮಿಯನ್ನು ಕಳೆದುಕೊಂಡು ಮೀಸಲು ಪ್ರದೇಶಗಳಿಗೆ ತಳ್ಳಲ್ಪಟ್ಟರು. ನಿಕಲ್ ಅದಿರಿನ ವ್ಯಾಪಾರ ಏರುಮುಖವಾಗಿದ್ದ ಕಾಲದಲ್ಲಿ, 1972ರಲ್ಲಿ, ಪ್ರಧಾನಿ ಪಿಯರ್ ಮೆಸ್ಮರ್ ಬರೆದ ಪತ್ರವೊಂದು ಮೂಲನಿವಾಸಿಗಳ ರಾಷ್ಟ್ರೀಯ ಬೇಡಿಕೆಯನ್ನು ತಡೆಯಲು ಫ್ರೆಂಚ್ ಪೌರರ ವಲಸೆಯನ್ನು ಪ್ರೋತ್ಸಾಹಿಸಬೇಕು ಎಂಬ ಆಶಯವನ್ನು ಮುಚ್ಚುಮರೆಯಿಲ್ಲದೆ ಹೇಳಿತ್ತು. 2019ರ ಜನಗಣತಿಯ ಹೊತ್ತಿಗೆ ಕಾನಾಕರು ಜನಸಂಖ್ಯೆಯ ಶೇ 41ರಷ್ಟಿದ್ದರು. ಈ ಹಿನ್ನೆಲೆಯಿಲ್ಲದೆ, ಅಲ್ಲಿ ವಾಸಿಸುವ ಎಲ್ಲರಿಗೂ ಮತ ಕೊಟ್ಟರೆ ಮುಗಿಯಿತಲ್ಲ ಎಂಬ ಮಾತು ತುಂಬ ಸರಳವಾಗಿ ಕೇಳಿಸುತ್ತದೆ. 1983ರ ದುಂಡುಮೇಜಿನ ಸಭೆಯಲ್ಲಿ ಕಾನಾಕ್ ನಾಯಕರು, ಚರಿತ್ರೆಯ ಸುಳಿಗೆ ಸಿಕ್ಕಿ ಅಲ್ಲಿಗೆ ಬಂದು ನೆಲೆಸಿದ ಇತರ ಸಮುದಾಯಗಳಿಗೂ ಈ ನಿರ್ಣಯದಲ್ಲಿ ಪಾಲು ಕೊಡಲು ಸಿದ್ಧರಾದರು. ತಮ್ಮ ನೆಲದಲ್ಲೇ ಅಲ್ಪಸಂಖ್ಯಾತರಾದವರು ತೋರಿದ ಈ ಔದಾರ್ಯ ನನ್ನ ದೃಷ್ಟಿಯಲ್ಲಿ ಅಸಾಧಾರಣವಾದದ್ದು.

ಆದರೆ 1987ರ ಜನಮತಗಣನೆಯಲ್ಲಿ ಮೂರು ವರ್ಷ ವಾಸವಿದ್ದವರಿಗೆಲ್ಲ ಮತ ಕೊಟ್ಟಾಗ ಸ್ವಾತಂತ್ರ್ಯವಾದಿಗಳು ಅದನ್ನು ಬಹಿಷ್ಕರಿಸಿದರು. ಶೇ 98ರಷ್ಟು ಮತ ಸ್ವಾತಂತ್ರ್ಯದ ವಿರುದ್ಧ ಬಂತು. ಮರುವರ್ಷವೇ ಅಲ್ಲಿನ ಉವೆಯಾ ದ್ವೀಪದಲ್ಲಿ ನಡೆದ ಒತ್ತೆಯಾಳು ಪ್ರಕರಣದಲ್ಲಿ ರಕ್ತ ಹರಿಯಿತು. ಆ ದುರಂತದ ಬಳಿಕ ಫ್ರಾನ್ಸ್, ಸ್ವಾತಂತ್ರ್ಯವಾದಿಗಳು ಮತ್ತು ಸ್ವಾತಂತ್ರ್ಯದ ವಿರೋಧಿಗಳ ನಡುವೆ 1988ರ ಮ್ಯಾಟಿನ್ಯೋನ್ ಒಪ್ಪಂದವೂ 1998ರ ನೂಮೆಯಾ ಒಪ್ಪಂದವೂ ರೂಪುಗೊಂಡವು. ನೂಮೆಯಾ ಒಪ್ಪಂದದಂತೆ 2018, 2020 ಮತ್ತು 2021ರಲ್ಲಿ ನಡೆದ ಮೂರು ಜನಮತಗಣನೆಗಳಲ್ಲಿ, ಇತರ ಅರ್ಹತೆಗಳ ಜೊತೆಗೆ, 2014ರ ಅಂತ್ಯಕ್ಕೆ ಇಪ್ಪತ್ತು ವರ್ಷ ವಾಸವಿದ್ದವರಿಗೂ ಮತವಿತ್ತು. ಪ್ರಾಂತೀಯ ಚುನಾವಣೆಯ ಪಟ್ಟಿಯನ್ನು 1998ಕ್ಕೆ ಮುಂಚೆ ಬಂದವರು ಮತ್ತು ಅವರ ಮಕ್ಕಳಿಗೆ ಸೀಮಿತಗೊಳಿಸಲಾಯಿತು. 2024ರ ಗಲಭೆಗೆ ಕಾರಣವಾದದ್ದು ಈ ಎರಡನೆಯ ಪಟ್ಟಿಯನ್ನು ಹತ್ತು ವರ್ಷ ವಾಸವಿದ್ದವರಿಗೂ ತೆರೆಯುವ ಸಂವಿಧಾನ ತಿದ್ದುಪಡಿ. ಅಲ್ಲಿಯೇ ದುಡಿದು ತೆರಿಗೆ ಕಟ್ಟುತ್ತಾ ಇಪ್ಪತ್ತು ವರ್ಷ ಕಳೆದವನಿಗೆ ತನ್ನ ಪ್ರಾಂತದ ಚುನಾವಣೆಯಲ್ಲಿ ಮತವಿಲ್ಲ ಎಂಬ ದೂರಿನಲ್ಲಿಯೂ ಹುರುಳಿದೆ. ಎರಡೂ ವಾದಗಳನ್ನು ನಿಮ್ಮ ಟಿಪ್ಪಣಿಯಲ್ಲಿ ಬರೆದುಕೊಳ್ಳಿ. ಆದರೆ ಆ ಪಟ್ಟಿ ಮೂರು ಪಕ್ಷಗಳ ಒಪ್ಪಿಗೆಯಿಂದ ಹುಟ್ಟಿದ್ದು, ಅವುಗಳಲ್ಲೊಂದಾದ ಫ್ರಾನ್ಸಿನ ಸಂಸತ್ತು ಅದನ್ನು ತಾನೇ ತಿದ್ದಹೊರಟಿತು ಎಂಬ ವ್ಯತ್ಯಾಸವನ್ನು ಮರೆಯಬೇಡಿ.

ಬೇರೆಡೆಗಳಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಗುತ್ತದೆ. ಗುವಾಮ್‌ನಲ್ಲಿ ಮೂಲನಿವಾಸಿಗಳಿಗೆ ಸೀಮಿತವಾಗಿ ನಡೆಸಲು ಉದ್ದೇಶಿಸಿದ್ದ ಅಭಿಪ್ರಾಯ ಮತದಾನವನ್ನು, ಅದು ಜನಾಂಗದ ಆಧಾರದ ಮೇಲೆ ಮತದಾನದ ಹಕ್ಕನ್ನು ನಿರಾಕರಿಸುತ್ತದೆ ಎಂಬ ಕಾರಣಕ್ಕೆ ಅಮೆರಿಕದ ಮೇಲ್ಮನವಿ ನ್ಯಾಯಾಲಯ 2019ರಲ್ಲಿ ತಡೆಯಿತು. ಪಶ್ಚಿಮ ಸಹಾರಾದಲ್ಲಿ ಜನಮತಗಣನೆ ನಡೆಸಲೆಂದೇ ಭದ್ರತಾ ಮಂಡಳಿ 1991ರಲ್ಲಿ ನಿಯೋಗವನ್ನು ಕಳುಹಿಸಿದರೂ, ಯಾರು ಮತದಾರರು ಎಂಬ ಜಗಳದಲ್ಲಿಯೇ ಅದು ಸಿಲುಕಿ ಮತದಾನ ನಡೆಯಲೇ ಇಲ್ಲ. 2025ರ ಅಕ್ಟೋಬರ್ 31ರಂದು ಮಂಡಳಿ ಮೊರೊಕ್ಕೊದ ಸ್ವಾಯತ್ತತೆಯ ಪ್ರಸ್ತಾಪವನ್ನು ಮಾತುಕತೆಗೆ ಆಧಾರವೆಂದು ಹೇಳುವಷ್ಟು ದೂರ ಸರಿಯಿತು. ಪಶ್ಚಿಮ ಸಹಾರಾದ ಸ್ವಾತಂತ್ರ್ಯವಾದಿಗಳು ಘೋಷಿಸಿದ ಸಹರಾವಿ ಗಣರಾಜ್ಯಕ್ಕೆ ಭಾರತವೂ 1985ರಲ್ಲಿ ನೀಡಿದ್ದ ಮಾನ್ಯತೆಯನ್ನು 2000ದಲ್ಲಿ ಹಿಂತೆಗೆದುಕೊಂಡಿತ್ತು. ಫಾಕ್‌ಲ್ಯಾಂಡ್‌ನಲ್ಲಿ 2013ರಲ್ಲಿ 1,513 ಜನ ಬ್ರಿಟನ್ ಜೊತೆಗೇ ಉಳಿಯುತ್ತೇವೆ ಎಂದರು, ಬೇಡ ಎಂದವರು ಮೂವರು. ಅಲ್ಲಿನ ನಿವಾಸಿಗಳು ಸ್ವಯಂನಿರ್ಣಯದ ಹಕ್ಕುಳ್ಳ ಪ್ರತ್ಯೇಕ ಜನತೆಯೇ ಅಲ್ಲ ಎಂಬುದು ಆ ದ್ವೀಪಗಳು ತನ್ನವೆನ್ನುವ ಅರ್ಜೆಂಟೀನಾದ ವಾದ. ಸುಮಾರು ಎರಡು ಶತಮಾನಗಳಿಂದ ಅಲ್ಲಿ ತಲೆತಲಾಂತರವಾಗಿ ಬಾಳಿದವರ ಮಾತನ್ನು ಪೂರ್ತಿಯಾಗಿ ಬದಿಗಿಡುವುದು ನನಗೆ ಸರಿಯೆನಿಸುವುದಿಲ್ಲ.

ಪ್ರಶ್ನೆ, ಸಮಯ, ಕೊನೆಗೆ ಅಂಕಿ

ಮತಪತ್ರದಲ್ಲಿ ಎಷ್ಟು ಆಯ್ಕೆಗಳಿದ್ದವು ಎಂಬುದನ್ನು ನೋಡಿ. ಅಮೆರಿಕದ ವರ್ಜಿನ್ ದ್ವೀಪಗಳಲ್ಲಿ 1993ರಲ್ಲಿ ಏಳು ಆಯ್ಕೆಗಳನ್ನು ಮೂರು ಗುಂಪುಗಳಾಗಿ ಮಾಡಿ ಜನರ ಮುಂದಿಟ್ಟರು. ಮತ ಹಾಕಲು ಬಂದವರು ಶೇ 27ರಷ್ಟು ಮಾತ್ರ. ಅರ್ಧದಷ್ಟಾದರೂ ಮತದಾನವಾಗಬೇಕೆಂಬ ನಿಯಮವಿದ್ದುದರಿಂದ ಫಲಿತಾಂಶ ಅನೂರ್ಜಿತವಾಯಿತು. 1917ರಲ್ಲಿ ಡೆನ್ಮಾರ್ಕ್ ಇದೇ ದ್ವೀಪಗಳನ್ನು ಎರಡೂವರೆ ಕೋಟಿ ಡಾಲರಿಗೆ ಅಮೆರಿಕಕ್ಕೆ ಮಾರಿದಾಗ ಅಲ್ಲಿನ ಜನರಿಗೆ ಒಂದು ಆಯ್ಕೆಯೂ ಇರಲಿಲ್ಲ.

ಸಮಯವೂ ಅಷ್ಟೇ ಮುಖ್ಯ. ನ್ಯೂ ಕ್ಯಾಲೆಡೋನಿಯಾದ ಮೂರನೆಯ ಮತದಾನದ ವೇಳೆಗೆ ಕೋವಿಡ್‌ನಿಂದ ಅಲ್ಲಿ ನೂರಾರು ಜನ ತೀರಿಕೊಂಡಿದ್ದರು. ಕಾನಾಕರ ಶೋಕಾಚರಣೆ ದೀರ್ಘವಾದದ್ದು, ಆ ದುಃಖದ ನಡುವೆ ಪ್ರಚಾರ ಸಾಧ್ಯವಿಲ್ಲ ಎಂದು ಸ್ವಾತಂತ್ರ್ಯವಾದಿಗಳು ಮುಂದೂಡಿಕೆ ಕೇಳಿದರು. ಪ್ಯಾರಿಸ್ ಒಪ್ಪಲಿಲ್ಲ, ಅವರು ಮತಗಟ್ಟೆಗೆ ಬರಲಿಲ್ಲ.

ಈಗ ಅಂಕಿಗಳನ್ನು ತೆಗೆದುಕೊಳ್ಳಿ. ಶೇಕಡಾವಾರು ಬಿಟ್ಟು ಮತಗಳ ಸಂಖ್ಯೆಯನ್ನೇ ಸಾಲಾಗಿ ಬರೆಯಿರಿ. ಸ್ವಾತಂತ್ರ್ಯ ಬೇಡ ಎಂದವರು 2018ರಲ್ಲಿ 78,734, 2020ರಲ್ಲಿ 81,503, 2021ರಲ್ಲಿ 75,720. ಬೇಕು ಎಂದವರು ಕ್ರಮವಾಗಿ 60,199, 71,533, ಮತ್ತು 2,747. ಬೇಡ ಎಂದವರ ಪ್ರಮಾಣ 2020ರ ಶೇ 53.26ರಿಂದ ಶೇ 96.5ಕ್ಕೆ ಏರಿದಾಗ, ಹಾಗೆ ಹೇಳಿದವರ ಸಂಖ್ಯೆ ವಾಸ್ತವವಾಗಿ ಐದು ಸಾವಿರಕ್ಕೂ ಹೆಚ್ಚು ಇಳಿದಿತ್ತು. ಮತದಾನದ ಪ್ರಮಾಣ ಶೇ 85ರ ಆಸುಪಾಸಿನಿಂದ ಶೇ 44ರ ಆಸುಪಾಸಿಗೆ ಬಿದ್ದಿತ್ತು. ಮೊದಲ ಎರಡು ಮತದಾನಗಳಲ್ಲಿ ಸ್ವಾತಂತ್ರ್ಯದ ಪಕ್ಷ ಸೋತದ್ದು ನಿಜ, ಅದನ್ನು ಸ್ಪಷ್ಟವಾಗಿಯೇ ಬರೆಯಬೇಕು. ಮೂರನೆಯದನ್ನು ಅದೇ ಸಾಲಿನಲ್ಲಿಟ್ಟು ಮೂರು ಬಾರಿ ತಿರಸ್ಕೃತವಾಯಿತು ಎಂದು ಬರೆಯುವವರು ಈ ಲೆಕ್ಕವನ್ನೂ ಓದುಗರ ಮುಂದಿಡಬೇಕು.

ಟಿಪ್ಪಣಿಯನ್ನು ಪ್ರತಿ ವರ್ಷ ಪರಿಷ್ಕರಿಸಲು ಒಂದು ವೇಳಾಪಟ್ಟಿ ಇದೆ. 1961ರಲ್ಲಿ ಸ್ಥಾಪನೆಯಾಗಿ, ಈಗ 29 ಸದಸ್ಯ ರಾಷ್ಟ್ರಗಳಿದ್ದರೂ 24ರ ಸಮಿತಿ ಎಂದೇ ಕರೆಯಲ್ಪಡುವ, ವಸಾಹತುಮುಕ್ತಿಯ ಕುರಿತ ವಿಶ್ವಸಂಸ್ಥೆಯ ವಿಶೇಷ ಸಮಿತಿ, ಸಾಮಾನ್ಯವಾಗಿ ಮೇ ತಿಂಗಳಲ್ಲಿ ಒಂದು ವರ್ಷ ಕೆರಿಬಿಯನ್‌ನಲ್ಲಿ, ಇನ್ನೊಂದು ವರ್ಷ ಪೆಸಿಫಿಕ್‌ನಲ್ಲಿ ವಿಚಾರಗೋಷ್ಠಿ ನಡೆಸುತ್ತದೆ. ಭಾರತವೂ ಅದರ ಸದಸ್ಯ. ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಅದರ ಮುಖ್ಯ ಅಧಿವೇಶನ ನಡೆಯುತ್ತದೆ. ಅಕ್ಟೋಬರ್‌ನಲ್ಲಿ ಮಹಾಸಭೆಯ ನಾಲ್ಕನೇ ಸಮಿತಿ ಅರ್ಜಿದಾರರ ಮಾತು ಕೇಳುತ್ತದೆ, ಡಿಸೆಂಬರ್‌ನಲ್ಲಿ ನಿರ್ಣಯಗಳು ಮತಕ್ಕೆ ಬರುತ್ತವೆ. ಸರ್ಕಾರಗಳ ಭಾಷಣಗಳನ್ನು ಪತ್ರಿಕೆಗಳು ಹೇಗೂ ವರದಿ ಮಾಡುತ್ತವೆ. ನೀವು ಅಕ್ಟೋಬರ್‌ನ ಅರ್ಜಿದಾರರ ಪಟ್ಟಿಯನ್ನು ತೆರೆದು, ನಿಮ್ಮ ಪ್ರದೇಶದಿಂದ ಬಂದವರು ಯಾರು, ಅವರಲ್ಲಿ ಪರಸ್ಪರ ಒಪ್ಪದವರು ಯಾರು ಎಂದು ಗುರುತಿಸಿಕೊಂಡು, ಇಬ್ಬರ ಹೇಳಿಕೆಗಳನ್ನೂ ಪೂರ್ತಿಯಾಗಿ ಓದಿ.